ಜಟ್ಟಿಯ ಮೀಸೆ

ಜಟ್ಟಿ ಕೆಳಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ನಾವು ಹಾಸ್ಯಕ್ಕೆಂದೇ ಬಳಸುತ್ತೇವೆ. ಸೋತವನು ಸೋಲನ್ನು ಒಪ್ಪಿಕೊಳ್ಳದೆ, ಯಾವುದೋ ಒಂದು ಸಣ್ಣ ಸಮಾಧಾನವನ್ನು ಹಿಡಿದುಕೊಂಡು ಬೀಗತೊಡಗಿದಾಗ ಈ ಮಾತು ನಾಲಗೆಯ ತುದಿಗೆ ಬಂದುಬಿಡುತ್ತದೆ. ಆದರೆ ಜಟ್ಟಿಯ ಪಕ್ಷವನ್ನು ವಹಿಸಿ ಹೇಳಬಹುದಾದ ಮಾತೂ ಒಂದುಂಟು. ಅಖಾಡಕ್ಕೆ ಇಳಿದವನು ಒಂದಲ್ಲ ಒಂದು ದಿನ ಬೀಳತಕ್ಕವನೇ. ಬೀಳುವುದು ತಪ್ಪದು ಎಂದಾದ ಮೇಲೆ, ಬಿದ್ದಾಗ ಯಾವುದು ಮಣ್ಣಾದರೂ ಚಿಂತೆಯಿಲ್ಲ, ಯಾವುದು ಮಣ್ಣಾಗಕೂಡದು ಎಂದು ಮುಂಚಿತವಾಗಿ ಯೋಚಿಸಿಟ್ಟುಕೊಳ್ಳುವುದು ಅವಿವೇಕವೇನೂ ಅಲ್ಲ. ಜಟ್ಟಿಯನ್ನು ನಾವು ಕೇಳಬೇಕಾದ ಪ್ರಶ್ನೆ ಒಂದೇ: ಅಯ್ಯಾ, ನೀನು ಉಳಿಸಿಕೊಂಡದ್ದು ಮೀಸೆಯನ್ನೋ, ಬೆನ್ನುಮೂಳೆಯನ್ನೋ?

ಈ ಪ್ರಶ್ನೆಯನ್ನು ಇಂದು ನೇರವಾಗಿ ನಮ್ಮ ಮುಂದಿಡುವ ಒಂದು ವಸ್ತು ಮೋಟಾರ್ ಸೈಕಲ್ಲಿನ ಬಿಡಿಭಾಗಗಳ ಅಂಗಡಿಯಲ್ಲಿದೆ. ಅದಕ್ಕೆ ಕ್ರ್ಯಾಶ್ ಸ್ಲೈಡರ್ ಎಂದೂ ಫ್ರೇಮ್ ಸ್ಲೈಡರ್ ಎಂದೂ ಹೆಸರು. ಮುಷ್ಟಿಯ ಗಾತ್ರದ, ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಗುಂಡು ಗೂಟ; ನಡುವೆ ಒಂದು ಬೋಲ್ಟು. ಇಂಜಿನ್ನನ್ನು ಚೌಕಟ್ಟಿಗೆ ಬಿಗಿದಿರುವ ಜಾಗದಲ್ಲಿ, ಗಾಡಿಯ ಎಡಕ್ಕೊಂದು ಬಲಕ್ಕೊಂದರಂತೆ ಇದನ್ನು ಕೂರಿಸುತ್ತಾರೆ. ಕನ್ನಡದ ಮೇಷ್ಟರಿಗೆ ಹೊಸ ವಸ್ತುವನ್ನು ಕಂಡ ಕೂಡಲೆ ಹೆಸರು ಕಟ್ಟುವ ಚಪಲ; ‘ಜಾರುಗೂಟ’ ಎನ್ನಬಹುದೆಂದು ನನಗೆ ತೋರಿತು. ಆದರೆ ಬೆಂಗಳೂರಿನ ಜೆ. ಸಿ. ರಸ್ತೆಗೆ ಹೋಗಿ ಜಾರುಗೂಟ ಕೊಡಿ ಎಂದು ಕೇಳಿದರೆ ಅಂಗಡಿಯವನು ಮುಖ ನೋಡಿಯಾನು. ಆದ್ದರಿಂದ ಸ್ಲೈಡರ್ ಎಂದೇ ಕರೆಯೋಣ.

ಇದರ ಕೆಲಸ ಬಹಳ ಸರಳವಾದುದು. ಮೋಟಾರ್ ಸೈಕಲ್ಲು ಮಗ್ಗುಲಿಗೆ ಉರುಳಿದಾಗ ಇಂಜಿನ್ನಿನ ಪಕ್ಕದ ಮುಚ್ಚಳ, ಪೆಟ್ರೋಲಿನ ಟ್ಯಾಂಕು, ಮುಂಭಾಗದ ಹೊದಿಕೆ ಇವು ನೆಲಕ್ಕೆ ತಾಗುವ ಮೊದಲೇ ಈ ಗೂಟ ತಾಗಬೇಕು. ತಾಗಿ, ರಸ್ತೆಯ ಮೇಲೆ ಉಜ್ಜಿಕೊಂಡು, ತಾನು ಸವೆಯುತ್ತ ಜಾರಿಕೊಂಡು ಹೋಗಬೇಕು. ಅದು ಸವೆದಷ್ಟು ಗಾಡಿ ಉಳಿಯಿತು. ಗಾಡಿ ಬೀಳದಿದ್ದರೆ ಇದಕ್ಕೆ ಯಾವ ಕೆಲಸವೂ ಇಲ್ಲ. ಕೊಂಡವನು ಅದರ ಉಪಯೋಗವೇ ಬಾರದಿರಲಿ ಎಂದು ಹಾರೈಸಿ ಕೊಳ್ಳುತ್ತಾನೆ. ದುಡ್ಡು ಕೊಟ್ಟು ತಂದದ್ದು ವ್ಯರ್ಥವಾಗಲಿ ಎಂದು ಬಯಸುವ ಇಂಥ ವ್ಯಾಪಾರಗಳು ಲೋಕದಲ್ಲಿ ಹೆಚ್ಚಿಲ್ಲ.

ಹಾಗಾದರೆ ಇದನ್ನು ಆರಿಸುವುದು ಹೇಗೆ? ಅಂಗಡಿಯಲ್ಲಿ ಹತ್ತು ಬಗೆಯವು ಇರುತ್ತವೆ. ಬಣ್ಣಬಣ್ಣದವು, ಉದ್ದನೆಯವು, ಗಿಡ್ಡನೆಯವು, ಲೋಹದವು, ನೈಲಾನಿನವು. ಯಾವುದು ಒಳ್ಳೆಯದೆಂಬುದನ್ನು ತಿಳಿಯಬೇಕಾದರೆ ನಾನು ಹೇಗೆ ಬೀಳುತ್ತೇನೆ ಎಂಬುದನ್ನು ಮೊದಲು ಕಲ್ಪಿಸಿಕೊಳ್ಳಬೇಕು. ನಿಲ್ಲಿಸಿದ ಗಾಡಿ ಸ್ಟ್ಯಾಂಡು ಜಾರಿ ಉರುಳುವುದೇ ಹೆಚ್ಚೋ, ಜಲ್ಲಿ ಚೆಲ್ಲಿದ ತಿರುವಿನಲ್ಲಿ ನಿಧಾನವಾಗಿ ಹೋಗುತ್ತಿರುವಾಗ ಜಾರುವುದೇ ಹೆಚ್ಚೋ, ಹೆದ್ದಾರಿಯಲ್ಲಿ ವೇಗದಲ್ಲಿ ಬೀಳುವ ಭಯವೋ? ಇದನ್ನು ಪ್ರಾಮಾಣಿಕವಾಗಿ ನುಡಿದುಕೊಳ್ಳುವುದು ಸುಲಭವಲ್ಲ. ಅಂಗಡಿಯ ಮುಂದೆ ನಿಂತ ತರುಣನ ಕಣ್ಣಿಗೆ ಕಟ್ಟುವುದು ಪಂದ್ಯದ ಬಯಲಿನಲ್ಲಿ ಕಿಡಿ ಹಾರಿಸುತ್ತ ಜಾರಿಹೋಗುವ ವೀರನ ಪತನ. ನಿಜವಾಗಿ ನಡೆಯುವುದು ಮನೆಯ ಮುಂದಿನ ಮೋರಿಯ ಪಕ್ಕದಲ್ಲಿ, ನೆರೆಹೊರೆಯವರೆಲ್ಲ ನೋಡುತ್ತಿರುವಾಗ, ಕಾಲು ನೆಲಕ್ಕೆ ಎಟುಕದೆ ಉರುಳುವ ಸಾಧಾರಣ ಪತನ. ನಮ್ಮ ಗೆಲುವುಗಳನ್ನು ಹೇಗೆ ದೊಡ್ಡದು ಮಾಡಿಕೊಳ್ಳುತ್ತೇವೆಯೋ ಹಾಗೆ ಬೀಳುವುದನ್ನೂ ದೊಡ್ಡದಾಗಿಯೇ ಕಲ್ಪಿಸಿಕೊಳ್ಳುತ್ತೇವೆ. ಸಣ್ಣದಾಗಿ ಬೀಳಬಹುದೆಂದು ಒಪ್ಪಿಕೊಳ್ಳಲು ಹೆಚ್ಚಿನ ವಿನಯ ಬೇಕು.

ಬೀಳುವುದನ್ನು ನೆನೆಯುವುದೇ ಅಪಶಕುನವೆಂಬ ಭಾವನೆಯೂ ನಮ್ಮಲ್ಲುಂಟು. ಹೊಸ ಗಾಡಿಗೆ ಪೂಜೆ ಮಾಡುತ್ತಿರುವಾಗ ಯಾರಾದರೂ ‘ಬಿದ್ದರೆ’ ಎಂದು ಮಾತು ತೆಗೆದರೆ ಸಾಕು, ‘ಬಿಡ್ತು ಅನ್ನು’ ಎಂದು ಮನೆಯ ಹಿರಿಯರು ಗದರಿಸುತ್ತಾರೆ. ಆದರೆ ಅದೇ ಹಿರಿಯರು ಗಾಲಿಯ ಕೆಳಗೆ ನಿಂಬೆಯ ಹಣ್ಣನ್ನು ಇಡಿಸುತ್ತಾರೆ. ಆ ನಿಂಬೆಹಣ್ಣು ಯಾಕೆ? ಮುಂದೆ ಜಜ್ಜಿಹೋಗಬಹುದಾದ ಏನೋ ಒಂದಕ್ಕೆ ಬದಲಾಗಿ ಅದು ಇಂದು ಜಜ್ಜಿಹೋಗಲಿ ಎಂದಲ್ಲವೆ? ಬಾಯಲ್ಲಿ ಬೇಡವೆಂದ ಮಾತನ್ನು ಹಣ್ಣಿನ ಮೂಲಕ ಆಡಿದಂತಾಯಿತು. ಆಪತ್ತನ್ನು ಒಪ್ಪಿಕೊಳ್ಳುವ ದಾರಿ ಪ್ರತಿಯೊಂದು ಕಾಲಕ್ಕೂ ಪ್ರತಿಯೊಂದು ಜನಕ್ಕೂ ಇದ್ದೇ ಇರುತ್ತದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರು ಎಂದು ನಗುವ ನಾವು, ಮುಂಚೆಯೇ ದಿಡ್ಡಿಬಾಗಿಲನ್ನು ಹಾಕುವವನನ್ನು ಅಂಜುಬುರುಕನೆಂದು ನಗಬಾರದು. ಹೆದರಿದವನು ಗಾಡಿಯನ್ನು ಮನೆಯಲ್ಲಿ ಬಿಟ್ಟು ಕೂರುತ್ತಾನೆ. ವಿವೇಕಿ ಬೀಳುವ ಸಂಭವವನ್ನು ಲೆಕ್ಕಕ್ಕೆ ತೆಗೆದುಕೊಂಡು ಹೊರಡುತ್ತಾನೆ.

ಇನ್ನು ವಸ್ತುವಿನ ಗುಣಕ್ಕೆ ಬರೋಣ. ಮೊದಲನೆಯ ಪ್ರಶ್ನೆ, ಸ್ಲೈಡರ್ ಯಾತರಿಂದ ಆಗಿರಬೇಕು ಎಂಬುದು. ಗಟ್ಟಿಯಾದಷ್ಟೂ ಒಳ್ಳೆಯದೆಂದು ಮೊದಲ ನೋಟಕ್ಕೆ ತೋರುತ್ತದೆ. ಅನುಭವ ಹೇಳುವುದು ಬೇರೆ. ಬರಿಯ ಲೋಹದ ಗೂಟ ಡಾಂಬರಿನ ಒರಟಿಗೆ ಕಚ್ಚಿಕೊಳ್ಳಬಹುದು. ಕಚ್ಚಿಕೊಂಡ ಗಾಡಿ ಜಾರುವ ಬದಲು ಪಲ್ಟಿ ಹೊಡೆಯುತ್ತದೆ. ರಬ್ಬರಿನಂತೆ ಮೆತ್ತಗಿದ್ದರೆ ಅದೂ ನೆಲವನ್ನು ಹಿಡಿದುಕೊಳ್ಳುತ್ತದೆ. ತೀರ ಹಗುರವಾದ ಪ್ಲಾಸ್ಟಿಕ್ಕಾದರೆ ಒಡೆದು ಚೂರಾಗುತ್ತದೆ. ಆದ್ದರಿಂದ ನೈಲಾನ್, ಅಸಿಟಾಲ್ ಎಂಬ ಬಿಗಿಯಾದ, ಆದರೂ ಸವೆಯಬಲ್ಲ, ನುಣ್ಣಗೆ ಜಾರಬಲ್ಲ ಪ್ಲಾಸ್ಟಿಕ್ಕುಗಳನ್ನು ಬಳಸುತ್ತಾರೆ. ಡೆಲ್ರಿನ್ ಎಂದು ಅಂಗಡಿಯಲ್ಲಿ ಹೇಳುವುದು ಈ ಅಸಿಟಾಲಿನ ಒಂದು ವ್ಯಾಪಾರನಾಮ. ನಡುವಿನ ಬೋಲ್ಟಿನ ತಲೆ ಗೂಟದ ಒಳಗೆ ಆಳವಾಗಿ ಹುದುಗಿರಬೇಕು. ಮೇಲಕ್ಕೆ ಇದ್ದರೆ ಪ್ಲಾಸ್ಟಿಕ್ಕು ಸ್ವಲ್ಪ ಸವೆಯುವಷ್ಟರಲ್ಲೇ ಉಕ್ಕು ನೆಲಕ್ಕೆ ತಾಗಿ ಕಚ್ಚುತ್ತದೆ. ಕೊಳ್ಳುವವನು ಬಣ್ಣವನ್ನು ನೋಡುವ ಮೊದಲು ಈ ಬೋಲ್ಟಿನ ಆಳವನ್ನು ನೋಡುವುದು ಲೇಸು.

ಇಲ್ಲಿ ಒಂದು ತತ್ತ್ವವಿದೆ. ಕಾಪಾಡುವ ವಸ್ತುವಿನ ಯೋಗ್ಯತೆ ಅದು ಎಷ್ಟು ಗಟ್ಟಿ ಎಂಬುದರಲ್ಲಿ ಇಲ್ಲ. ಎಷ್ಟು ಚೆನ್ನಾಗಿ ಸವೆಯಬಲ್ಲುದು ಎಂಬುದರಲ್ಲಿದೆ. ನಮ್ಮ ಹಳ್ಳಿಯ ಜನಕ್ಕೆ ಇದು ಹೊಸ ಮಾತಲ್ಲ. ಎತ್ತಿನ ಗೊರಸಿಗೆ ಹೊಡೆಯುವ ಲಾಳ ಸವೆಯುವುದಕ್ಕಾಗಿಯೇ ಇರುವ ವಸ್ತು. ಅದು ಸವೆದರೆ ಮತ್ತೊಂದು ಹೊಡೆಸಬಹುದು, ಗೊರಸು ಸವೆದರೆ ಎತ್ತೇ ಮಲಗುತ್ತದೆ. ತೆಂಗಿನ ಮರದ ತುದಿಯಿಂದ ಬಿದ್ದ ಕಾಯಿ ಸಾಮಾನ್ಯವಾಗಿ ಒಡೆಯುವುದಿಲ್ಲ, ಏಕೆಂದರೆ ಸುತ್ತ ಇರುವ ನಾರು ಅಷ್ಟೂ ಪೆಟ್ಟನ್ನು ತಾನು ನುಂಗುತ್ತದೆ. ಅದೇ ಕಾಯನ್ನು ಸುಲಿದು, ಗಟ್ಟಿಯಾದ ಕರಟ ಒಂದೇ ಉಳಿದಾಗ, ದೇವರ ಮುಂದೆ ಒಂದೇ ಏಟಿಗೆ ಹೋಳಾಗುತ್ತದೆ. ಕರಟಕ್ಕಿಂತ ನಾರು ಮೆತ್ತಗೆ. ಆದರೂ ಕಾಪಾಡಿದ್ದು ನಾರು.

ಮನೆಯ ವಿದ್ಯುತ್ತಿನ ಫ್ಯೂಸ್ ತಂತಿಯನ್ನು ನೋಡಿ. ಅದು ಬೇಗ ಕರಗುವ ತೆಳುವಾದ ತಂತಿ. ಪದೇ ಪದೇ ಹೋಗುತ್ತದೆಂದು ಬೇಸತ್ತು, ಇನ್ನು ಹೋಗದಿರಲಿ ಎಂದು ದಪ್ಪ ತಾಮ್ರದ ತಂತಿಯನ್ನು ಕಟ್ಟಿದವರು ಉಂಟು. ಆಮೇಲೆ ಫ್ಯೂಸ್ ಹೋಗುವುದಿಲ್ಲ ನಿಜ. ಗೋಡೆಯೊಳಗಿನ ತಂತಿಯೇ ಸುಡುತ್ತದೆ. ಪೆಟ್ಟು ಎಲ್ಲಿಯಾದರೂ ಇಳಿಯಲೇಬೇಕು. ಅದು ಇಳಿಯುವುದಕ್ಕೆ ಒಂದು ಅಗ್ಗದ, ಹೊರಗಿನ, ಬದಲಾಯಿಸಬಹುದಾದ ಜಾಗವನ್ನು ನಾವು ಕೊಡದಿದ್ದರೆ, ಬೆಲೆಯುಳ್ಳ, ಒಳಗಿನ, ಬದಲಾಯಿಸಲಾಗದ ಜಾಗವನ್ನು ಅದೇ ಹುಡುಕಿಕೊಳ್ಳುತ್ತದೆ.

ಎರಡನೆಯ ಪ್ರಶ್ನೆಯಾದ ಉದ್ದದ ವಿಚಾರವೂ ಇದನ್ನೇ ಹೇಳುತ್ತದೆ. ಗೂಟ ತೀರ ಗಿಡ್ಡವಾದರೆ ಅದಕ್ಕಿಂತ ಮೊದಲು ಇಂಜಿನ್ನಿನ ಮುಚ್ಚಳವೇ ನೆಲಕ್ಕೆ ತಾಗುತ್ತದೆ, ಇಟ್ಟೂ ಇಡದಂತಾಯಿತು. ಹೆಚ್ಚು ಹೊರಕ್ಕೆ ಚಾಚಿದ್ದರೆ ಹೆಚ್ಚು ರಕ್ಷಣೆ ಎಂದು ತೋರೀತು. ಆದರೆ ಚಾಚಿದ ಗೂಟ ಒಂದು ಸನ್ನೆಗೋಲು. ಅದರ ತುದಿಗೆ ಬಿದ್ದ ಪೆಟ್ಟು ಬುಡದಲ್ಲಿ ಹಲವು ಮಡಿಯಾಗಿ ತಿರುಚುತ್ತದೆ. ಬೋಲ್ಟು ಬಾಗಬಹುದು; ಬೋಲ್ಟು ಬಾಗದಷ್ಟು ಬಲವಾಗಿದ್ದರೆ ಅದನ್ನು ಹಿಡಿದಿರುವ ಇಂಜಿನ್ನಿನ ಕಿವಿ ಸೀಳಬಹುದು, ಚೌಕಟ್ಟೇ ಸೊಟ್ಟಗಾಗಬಹುದು. ಮುಚ್ಚಳ ಒಡೆದರೆ ಬೇರೆ ಮುಚ್ಚಳ ತಂದುಕೊಳ್ಳಬಹುದು. ಚೌಕಟ್ಟು ಸೊಟ್ಟಗಾದ ಗಾಡಿಯನ್ನು ಮತ್ತೆ ನಂಬಿ ಓಡಿಸುವುದು ಕಷ್ಟ. ಹೀಗೆ, ಮೈಗೆ ಗೀರು ಬೀಳಬಾರದೆಂದು ಮಾಡಿದ ಏರ್ಪಾಟು ಬೆನ್ನೆಲುಬನ್ನೇ ಮುರಿಯುವುದುಂಟು.

ಮೂರನೆಯದು, ಎಲ್ಲಿ ಕೂರಿಸಬೇಕು ಎಂಬುದು. ಒಂದೇ ಬೋಲ್ಟಿನ ಮೇಲೆ ನಿಂತ ಗೂಟಕ್ಕಿಂತ, ಒಂದು ಪಟ್ಟಿಯ ಮೂಲಕ ಎರಡು ಕಡೆ ಹಿಡಿತವಿರುವ ಗೂಟ ಪೆಟ್ಟನ್ನು ಹಂಚುತ್ತದೆ. ಕೂರಿಸುವಾಗ ಒಂದು ಪಕ್ಕದ ಕೆಲಸ ಮುಗಿಸಿಯೇ ಇನ್ನೊಂದು ಪಕ್ಕದ ಬೋಲ್ಟನ್ನು ಬಿಚ್ಚಬೇಕು. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಇಂಜಿನ್ನು ತನ್ನ ಜಾಗದಿಂದ ಸರಿದೀತು. ಬಿಗಿ ಎಷ್ಟಿರಬೇಕೆಂದು ತಯಾರಕರು ಹೇಳಿರುತ್ತಾರೆ. ಅದನ್ನು ಅಳೆಯುವ ಸ್ಪ್ಯಾನರಿನಿಂದಲೇ ಬಿಗಿಯಬೇಕೇ ಹೊರತು ತೋಳಿನ ಬಲದ ಅಂದಾಜಿನಿಂದಲ್ಲ. ಇನ್ನು ಉಕ್ಕಿನ ಕೊಳವೆಯ ಲೆಗ್ ಗಾರ್ಡು ನಮ್ಮ ರಸ್ತೆಗಳಲ್ಲಿ ಹಿಂದಿನಿಂದಲೂ ಕಾಣುವಂಥದು. ಅದು ನಿಂತಲ್ಲಿ ಉರುಳುವ ಗಾಡಿಗೆ ಒಳ್ಳೆಯ ಊರೆ. ಕಾಲಿನ ಸುತ್ತ ಸ್ವಲ್ಪ ತೆರಪನ್ನೂ ಉಳಿಸುತ್ತದೆ. ಭಾರ ಹೆಚ್ಚು, ನೋಟ ಒರಟು. ಸ್ಲೈಡರ್ ಡಾಂಬರಿನ ಮೇಲೆ ಜಾರುವ ಗಾಡಿಗೆ ಹೇಳಿ ಮಾಡಿಸಿದ್ದು. ಮೆತ್ತನೆಯ ಮಣ್ಣಿನಲ್ಲಿ ಅದು ಹೂತುಕೊಂಡು ಗಾಡಿಯನ್ನು ಮಗುಚಬಹುದು. ಎಲ್ಲ ಪತನಗಳಿಗೂ ಆಗುವ ಒಂದೇ ರಕ್ಷೆ ಇಲ್ಲ.

ಮನುಷ್ಯರಿಗೂ ಈ ಮಾತು ಅನ್ವಯಿಸುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಮಾನಕ್ಕೆ ಒಂದು ಗೀರೂ ಬೀಳಬಾರದೆಂದು ಬಹುದೂರದವರೆಗೆ ಗೂಟಗಳನ್ನು ಚಾಚಿಕೊಂಡಿರುವವರನ್ನು ನಾವು ನೋಡಿದ್ದೇವೆ. ಯಾರೋ ಮದುವೆಗೆ ಕರೆಯಲಿಲ್ಲ, ಯಾರೋ ಸಭೆಯಲ್ಲಿ ಹೆಸರೆತ್ತಲಿಲ್ಲ ಎಂಬ ಸಣ್ಣ ತಾಗುವಿಕೆಯೂ ಆ ಗೂಟದ ಮೂಲಕ ನೇರವಾಗಿ ಹೃದಯದ ಚೌಕಟ್ಟಿಗೆ ಹೋಗಿ ಮುಟ್ಟುತ್ತದೆ. ತನ್ನನ್ನು ತಾನೇ ನೋಡಿ ನಗಬಲ್ಲವನಿಗೆ, ‘ಹೌದು, ತಪ್ಪಾಯಿತು’ ಎಂದು ಹೇಳಬಲ್ಲವನಿಗೆ, ಹೊರಗಡೆ ಒಂದಿಷ್ಟು ಸವೆಯಬಲ್ಲ ಭಾಗ ಇರುತ್ತದೆ. ಅಲ್ಲಿ ಗೀರು ಬೀಳುತ್ತದೆ. ಒಳಗೆ ಏನೂ ಮುರಿಯುವುದಿಲ್ಲ.

ಇಲ್ಲಿಯವರೆಗೆ ಯಂತ್ರವನ್ನು ಕುರಿತು ಮಾತನಾಡಿದೆವು. ಸವಾರನ ಗತಿ ಏನು? ಸ್ಲೈಡರಿನ ಬಗ್ಗೆ ಮರೆಯಬಾರದ ಸಂಗತಿ ಇದು: ಅದು ಕಾಪಾಡುವುದು ಗಾಡಿಯನ್ನು, ಗಾಡಿಯ ಮೇಲೆ ಕುಳಿತವನನ್ನಲ್ಲ. ನಮ್ಮ ಕಾಲೇಜಿನ ಒಬ್ಬ ವಿದ್ಯಾರ್ಥಿ ಹೊಸ ಗಾಡಿಗೆ ಕೆಲವು ಸಾವಿರ ರೂಪಾಯಿ ಕೊಟ್ಟು ಒಳ್ಳೆಯ ಸ್ಲೈಡರುಗಳನ್ನು ಹಾಕಿಸಿದ್ದ. ಯಾವ ಪ್ಲಾಸ್ಟಿಕ್ಕು, ಎಷ್ಟು ಉದ್ದ, ಎಂಥ ಬೋಲ್ಟು ಎಂಬುದನ್ನೆಲ್ಲ ನನಗೆ ಬಹಳ ಚೆನ್ನಾಗಿ ವಿವರಿಸಿದ. ವ್ಯಾಕರಣದ ತರಗತಿಯಲ್ಲಿ ಅವನು ಇಷ್ಟು ಉತ್ಸಾಹ ತೋರಿದ್ದನ್ನು ನಾನು ಕಂಡಿರಲಿಲ್ಲ. ಅವನ ಕೈಯಲ್ಲಿದ್ದ ಹೆಲ್ಮೆಟ್ಟು ಮಾತ್ರ ರಸ್ತೆಬದಿಯಲ್ಲಿ ಕೊಂಡ, ಬೋಗುಣಿಯಂತಹ ತೆಳು ಚಿಪ್ಪು. ಅದನ್ನು ತೋರಿಸಿ, ‘ಇದೇನಪ್ಪ?’ ಎಂದು ಕೇಳಿದೆ.

‘ಸಾರ್, ಹೆಲ್ಮೆಟ್ ಪೊಲೀಸರಿಗೆ, ಸ್ಲೈಡರ್ ಗಾಡಿಗೆ’ ಎಂದ.

‘ನಿನಗೆ?’ ಎಂದೆ. ಅವನು ನಕ್ಕ. ಉತ್ತರ ಹೊಳೆಯದೆ ನಕ್ಕನೋ, ಮೇಷ್ಟರ ಪ್ರಶ್ನೆಗೆ ಉತ್ತರ ಬೇಕಿಲ್ಲವೆಂದು ನಕ್ಕನೋ ತಿಳಿಯದು.

ಆ ಹುಡುಗ ಮೂರ್ಖನಲ್ಲ. ಅವನ ಮಾತಿನಲ್ಲಿ ನಮ್ಮೆಲ್ಲರ ಮನಸ್ಸಿನ ಒಂದು ವಕ್ರತೆ ಬಯಲಾಯಿತು. ತಾನು ದುಡ್ಡು ಕೊಟ್ಟು ತಂದ ವಸ್ತುವಿನ ಬೆಲೆ ಮನುಷ್ಯನಿಗೆ ಗೊತ್ತಿರುತ್ತದೆ. ಪುಕ್ಕಟೆಯಾಗಿ ಬಂದ ತಲೆಯ ಬೆಲೆ ಗೊತ್ತಿರುವುದಿಲ್ಲ. ಗಾಡಿಗೆ ಗೀರು ಬಿದ್ದರೆ ನಾಳೆ ಬೆಳಗ್ಗೆ ಕಣ್ಣಿಗೆ ಕಾಣುತ್ತದೆಂಬುದು ಅವನಿಗೆ ನಿಶ್ಚಯ. ತಲೆಗೆ ಪೆಟ್ಟಾದ ಮೇಲಿನ ನಾಳೆಯನ್ನು ಅವನು ಕಲ್ಪಿಸಿಕೊಳ್ಳಲಾರ, ಏಕೆಂದರೆ ಕಲ್ಪಿಸಿಕೊಳ್ಳಬೇಕಾದುದು ಆ ತಲೆಯೇ.

‘ಅರೇಬಿಯದ ಲಾರೆನ್ಸ್’ ಎಂದು ಹೆಸರಾದ ಟಿ. ಇ. ಲಾರೆನ್ಸ್ ಅವರ ಕಥೆ ಇಲ್ಲಿ ನೆನಪಾಗುತ್ತದೆ. 1935ರ ಮೇ 13ರಂದು ಅವರು ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ಒಂದು ಹಳ್ಳಿಗಾಡಿನ ರಸ್ತೆಯಲ್ಲಿ ತಮ್ಮ ಬ್ರಫ್ ಸುಪೀರಿಯರ್ ಮೋಟಾರ್ ಸೈಕಲ್ಲಿನ ಮೇಲೆ ಹೋಗುತ್ತಿದ್ದರು. ಸೈಕಲ್ಲುಗಳ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದರು. ತಲೆಗೆ ಪೆಟ್ಟಾಯಿತು, ಮತ್ತೆ ಎಚ್ಚರಗೊಳ್ಳದೆ 19ರಂದು ತೀರಿಕೊಂಡರು. ಆಗ ಅವರಿಗೆ 46 ವರ್ಷ. ಆ ಮೋಟಾರ್ ಸೈಕಲ್ಲು ದುರಸ್ತಿಯಾಗಿ ಇಂದಿಗೂ ಉಳಿದಿದೆ. ಲಾರೆನ್ಸರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯರೂ ಒಬ್ಬರು. ಮುಂದೆ ಅವರು ಮೋಟಾರ್ ಸೈಕಲ್ ಸವಾರರ ತಲೆಯ ಪೆಟ್ಟುಗಳನ್ನು ಅಧ್ಯಯನ ಮಾಡಿ, ಹೆಲ್ಮೆಟ್ಟಿನ ಪ್ರಯೋಜನವನ್ನು ತೋರಿಸುವ ಪ್ರಬಂಧವನ್ನು 1941ರಲ್ಲಿ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಮೋಟಾರ್ ಸೈಕಲ್ ಸವಾರರಿಗೆ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು.

ಈ ಹೆಲ್ಮೆಟ್ಟೂ ಒಂದು ಬಗೆಯ ಸ್ಲೈಡರೇ ಎಂಬುದು ಸ್ವಾರಸ್ಯದ ವಿಷಯ. ಹೊರಗಿನ ಚಿಪ್ಪಿನ ಕೆಳಗೆ ಥರ್ಮೊಕೋಲಿನಂಥ ಒಂದು ಪದರವಿದೆ. ಪೆಟ್ಟು ಬಿದ್ದಾಗ ಅದು ಜಜ್ಜಿಹೋಗಿ, ತಲೆಗೆ ಬರಬೇಕಾದ ಪೆಟ್ಟನ್ನು ತಾನು ಉಣ್ಣುತ್ತದೆ. ಒಂದು ಸಾರಿ ಜಜ್ಜಿದ ಪದರ ಮತ್ತೆ ಮೊದಲಿನಂತಾಗದು. ದೊಡ್ಡ ಪೆಟ್ಟು ತಿಂದ ಹೆಲ್ಮೆಟ್ಟನ್ನು ಹೊರಗೆ ಸರಿಯಾಗಿ ಕಂಡರೂ ಬಿಸಾಡಬೇಕು. 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಹೆಲ್ಮೆಟ್ಟನ್ನು ವಿಧಿಸಿತು; 2021ರ ಜೂನ್ 1ರಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ಟನ್ನು ಮಾರುವುದೇ ನಿಷಿದ್ಧವಾಯಿತು. ಕೇಂದ್ರ ಸರಕಾರದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಇಷ್ಟು ದೊಡ್ಡ ಲೆಕ್ಕದ ಎದುರಿನಲ್ಲಿ, ಮುಚ್ಚಳಕ್ಕೆ ಗೀರು ಬೀಳದಿರಲೆಂದು ಮೊದಲು ದುಡ್ಡು ತೆಗೆಯುವವನ ಲೆಕ್ಕ ಎಲ್ಲಿಯೋ ತಪ್ಪಿದೆ.

ಹಾಗೆಂದ ಮಾತ್ರಕ್ಕೆ ಯಂತ್ರದ ಮೇಲಿನ ಕಾಳಜಿಯೆಲ್ಲ ಬರಿಯ ಶೋಕಿ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಬೆಂಗಳೂರಿನ ಬೀದಿಗಳಲ್ಲಿ ಮನೆಮನೆಗೆ ಊಟವನ್ನೂ ಸಾಮಾನನ್ನೂ ಮುಟ್ಟಿಸುವ ಹುಡುಗರನ್ನು ನೋಡಿ. ಅಂಥವನ ಗಾಡಿ ಉರುಳಿ ಕ್ಲಚ್ಚಿನ ಹಿಡಿ ಮುರಿಯಿತೆಂದರೆ ಆ ದಿನದ ಸಂಪಾದನೆ ಮುಗಿಯಿತು. ಇಂಜಿನ್ನಿನ ಮುಚ್ಚಳ ಒಡೆದರೆ ವಾರದ್ದೇ ಹೋಯಿತು. ಅವನು ಕಟ್ಟಿಸಿಕೊಂಡ ಒರಟು ಲೆಗ್ ಗಾರ್ಡು ಕಾಯುತ್ತಿರುವುದು ಕಬ್ಬಿಣವನ್ನಲ್ಲ, ಅನ್ನವನ್ನು. ಒಕ್ಕಲಿಗನಿಗೆ ಎತ್ತು ಹೇಗೋ ಅವನಿಗೆ ಗಾಡಿ ಹಾಗೆ. ಒಂದೇ ವಸ್ತು ಒಬ್ಬನಿಗೆ ಮೀಸೆ, ಮತ್ತೊಬ್ಬನಿಗೆ ಬೆನ್ನೆಲುಬು. ನೋಡುವವರು ತೀರ್ಪು ಕೊಡುವ ಮೊದಲು ಅದು ಯಾರಿಗೆ ಏನು ಎಂಬುದನ್ನು ವಿಚಾರಿಸಬೇಕು.

ಆದರೆ ನನ್ನನ್ನು ಹೆಚ್ಚಾಗಿ ಕಾಡುವ ಪ್ರಶ್ನೆ ಇನ್ನೊಂದಿದೆ. ನಮ್ಮ ರಕ್ಷಣೆಗಳ ಪಟ್ಟಿಯಲ್ಲಿ ಇತರರ ಸ್ಥಾನ ಯಾವುದು? ಅದೇ ಹೊಸ ಗಾಡಿಗಳನ್ನು ಸ್ವಲ್ಪ ಗಮನವಿಟ್ಟು ನೋಡಿ. ಮುಂದೆ ಸ್ಲೈಡರ್ ಏರಿರುತ್ತದೆ. ಹಿಂದೆ ಸೀರೆ ಗಾರ್ಡು ಇಳಿದಿರುತ್ತದೆ. ಹಿಂದೆ ಕುಳಿತವರ ಸೆರಗೋ ದುಪಟ್ಟಾವೋ ಪಂಚೆಯೋ ಚಕ್ರಕ್ಕೆ ಸಿಕ್ಕಿಕೊಳ್ಳದಿರಲೆಂದು ಹಿಂಚಕ್ರದ ಕನಿಷ್ಠ ಅರ್ಧ ಭಾಗಕ್ಕೆ ಮರೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಹಿಡಿದುಕೊಳ್ಳಲು ಹಿಡಿಯೂ ಕಾಲಿಡಲು ಆಸರೆಯೂ ಬೇಕೆನ್ನುತ್ತವೆ. ಈ ಮರೆಯಿಂದ ಗಾಡಿಯ ಅಂದ ಕೆಡುತ್ತದೆಂದು ತರುಣರು ಅದನ್ನು ಬಿಚ್ಚಿಸಿಬಿಡುತ್ತಾರೆ. ತಾಯಿ ಕೂರುತ್ತಾಳೆ, ತಂಗಿ ಕೂರುತ್ತಾಳೆ; ಅವರ ಸೆರಗಿಗಿಂತ ಟ್ಯಾಂಕಿನ ಬಣ್ಣಕ್ಕೆ ಹೆಚ್ಚಿನ ಕಾವಲು. ಹಿಂದೆ ಕೂರುವವರಿಗೂ ಹೆಲ್ಮೆಟ್ಟು ಬೇಕೆಂದು ಕರ್ನಾಟಕ ಸರಕಾರ 2016ರ ಜನವರಿಯಲ್ಲಿ ಕಟ್ಟುನಿಟ್ಟು ಮಾಡಿದಾಗ ಎದ್ದ ಗೊಣಗಾಟವನ್ನು ನೆನೆದರೆ, ಹಿಂದಿನ ಆಸನದವರ ತಲೆಯನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲವೆಂದು ತೋರುತ್ತದೆ.

ಹೊರಗಿನವರ ಮಾತಂತೂ ದೂರವೇ ಉಳಿಯಿತು. ಕಾರು ಜೀಪುಗಳ ಮೂತಿಗೆ ದಪ್ಪ ಕಬ್ಬಿಣದ ಕೊಳವೆಗಳನ್ನು ಕಟ್ಟಿಸುವ ಷೋಕಿಯೊಂದು ಬೆಳೆದಿತ್ತು. ಒಳಗಿದ್ದವರಿಗೆ ಅದು ಕೋಟೆಯಂತೆ ಕಂಡಿತು. ರಸ್ತೆ ದಾಟುವವನ ತೊಡೆಗೆ ಅದು ಗದೆಯಾಯಿತು. ಕೇಂದ್ರ ಸರಕಾರ 2017ರ ಡಿಸೆಂಬರಿನಲ್ಲಿ ಇವು ಪಾದಚಾರಿಗಳಿಗೂ ಗಾಡಿಯೊಳಗಿನವರಿಗೂ ಅಪಾಯವೆಂದು, ಕಾಯಿದೆಗೆ ವಿರುದ್ಧವೆಂದು ರಾಜ್ಯಗಳಿಗೆ ಬರೆಯಿತು. ಆಯುಧಪೂಜೆಯ ಮರುದಿನದ ರಸ್ತೆಯನ್ನೂ ನೆನೆಯಬಹುದು. ನಮ್ಮ ಗಾಡಿಗೆ ದೃಷ್ಟಿ ತಾಗದಿರಲೆಂದು ನಡುರಸ್ತೆಯಲ್ಲಿ ಒಡೆದ ಬೂದುಗುಂಬಳದ ಲೋಳೆಯ ಮೇಲೆ ಬೇರೊಬ್ಬನ ಗಾಡಿ ಜಾರುತ್ತದೆ. ನಮಗೆ ಬರಬಹುದಾಗಿದ್ದ ಪೆಟ್ಟನ್ನು ಸವೆಯುವ ವಸ್ತುವಿನ ಮೇಲೆ ಇಳಿಸುವುದು ವಿವೇಕ. ಪಕ್ಕದವನ ಮೇಲೆ ಇಳಿಸುವುದು ಅನ್ಯಾಯ. ಎರಡಕ್ಕೂ ರಕ್ಷಣೆ ಎಂಬ ಒಂದೇ ಹೆಸರಿರುವುದರಿಂದ ನಾವು ಮೋಸಹೋಗುತ್ತೇವೆ.

ಈ ದೃಷ್ಟಿಯಿಂದ ನೋಡಿದರೆ ಸ್ಲೈಡರಿನ ಪರವಾಗಿ ಒಂದು ಒಳ್ಳೆಯ ವಾದ ಹುಟ್ಟುತ್ತದೆ. ಇಂಜಿನ್ನಿನ ಪಕ್ಕದ ಮುಚ್ಚಳ ಒಡೆದರೆ ಒಳಗಿನ ಎಣ್ಣೆ ರಸ್ತೆಯ ಮೇಲೆ ಚೆಲ್ಲುತ್ತದೆ. ಬಿದ್ದವನು ಎದ್ದು ಹೋಗಬಹುದು. ಹಿಂದೆ ಬರುವವನು ಆ ಎಣ್ಣೆಯ ಮೇಲೆ ಜಾರಿ ಲಾರಿಯ ಚಕ್ರಕ್ಕೆ ಸಿಕ್ಕಬಹುದು. ಮೋಟಾರ್ ಸೈಕಲ್ಲಿನ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ, ಎಣ್ಣೆಯಿರುವ ಪಕ್ಕದ ಮುಚ್ಚಳಗಳ ಮೇಲೆ ಎರಡನೆಯ ಗಟ್ಟಿ ಮುಚ್ಚಳ ಇರಲೇಬೇಕೆಂದು ನಿಯಮ ಮಾಡಿರುವುದು ಸುಮ್ಮನಲ್ಲ. ಪರಸ್ಪರ ಸೋಲಿಸಲೆಂದೇ ಸೇರಿದ ಜನ ಕೂಡ, ತಾನು ಬಿದ್ದರೆ ಹಿಂದಿನವನು ಬೀಳಬಾರದೆಂಬ ಕಟ್ಟಳೆಗೆ ಒಳಗಾಗಿದ್ದಾರೆ. ಗೀರು ಬೀಳಬಾರದೆಂದು ಸ್ಲೈಡರ್ ಕೊಂಡವನು ತನ್ನ ಅಂದವನ್ನು ನೋಡಿಕೊಂಡ. ಎಣ್ಣೆ ಚೆಲ್ಲಬಾರದೆಂದು ಕೊಂಡವನು ತಾನು ಎಂದೂ ಮುಖ ನೋಡದ ಒಬ್ಬನಿಗೆ ಉಪಕಾರ ಮಾಡಿದ. ಕೊಂಡ ವಸ್ತು ಒಂದೇ, ಕೊಟ್ಟ ಬೆಲೆಯೂ ಒಂದೇ.

ಒಂದು ಆಕ್ಷೇಪ ಉಳಿಯುತ್ತದೆ. ರಕ್ಷೆ ಹೆಚ್ಚಿದಷ್ಟೂ ಮನುಷ್ಯ ದುಡುಕುತ್ತಾನಲ್ಲವೆ? ಷಿಕಾಗೋ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿ ಹೀಗೆಯೇ ವಾದಿಸಿದರು: ಕಾರುಗಳಿಗೆ ಸುರಕ್ಷತೆಯ ಸಾಧನಗಳನ್ನು ಕಡ್ಡಾಯ ಮಾಡಿದ್ದರಿಂದ ಚಾಲಕರು ಹೆಚ್ಚು ಸಾಹಸಕ್ಕೆ ಇಳಿದು, ಬಂದ ಲಾಭವನ್ನು ಕಳೆದರು ಎಂದು. ಈ ಪರಿಣಾಮ ಎಷ್ಟು ದೊಡ್ಡದೆಂಬುದರಲ್ಲಿ ಅನಂತರದ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಸ್ವಭಾವವನ್ನು ಬಲ್ಲವರು ಇದನ್ನು ಪೂರ್ತಿ ಅಲ್ಲಗಳೆಯಲಾರರು. ಕವಚ ತೊಟ್ಟವನ ನಡಗೆಯೇ ಬೇರೆಯಾಗುತ್ತದೆ.

ನನಗೆ ತೋರುವ ಸಮಾಧಾನ ಇಷ್ಟು. ರಕ್ಷೆ ದುಡುಕನ್ನು ಹುಟ್ಟಿಸುವುದು ಅದು ಏನನ್ನು ಕಾಪಾಡುತ್ತದೆಂಬುದು ಮರೆತುಹೋದಾಗ. ಸ್ಲೈಡರನ್ನು ಆರಿಸುವಾಗ ಆ ವಿದ್ಯಾರ್ಥಿಯಂತೆ ಪ್ಲಾಸ್ಟಿಕ್ಕು, ಉದ್ದ, ಬೋಲ್ಟುಗಳನ್ನು ಪರೀಕ್ಷಿಸಿದವನಿಗೆ ಒಂದು ಲಾಭವುಂಟು: ಇದು ಇಷ್ಟೇ ಮಾಡಬಲ್ಲುದು, ಇದಕ್ಕಿಂತ ಹೆಚ್ಚು ಮಾಡಲಾರದು ಎಂಬ ಗಡಿ ಅವನಿಗೆ ತಿಳಿದಿರುತ್ತದೆ. ಆ ಗಡಿಯನ್ನು ತಿಳಿದವನಿಗೆ ಗೂಟವನ್ನು ನೋಡಿದಾಗಲೆಲ್ಲ ತಾನು ಬೀಳಬಹುದಾದವನು ಎಂಬುದು ನೆನಪಾಗುತ್ತದೆ. ತಾಯತದಂತೆ ಕಟ್ಟಿಕೊಂಡವನಿಗೆ ತಾನು ಬೀಳಲಾರೆ ಎಂಬ ಭ್ರಮೆ ಹುಟ್ಟುತ್ತದೆ. ಕೆಲಸ ಮಾಡುವ ವಸ್ತುವನ್ನು ತಾಯತವಾಗಿ ಮಾಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ತಿಳಿವಳಿಕೆಯಿಂದ ಬಳಸುವುದೂ ನಮ್ಮ ಕೈಯಲ್ಲೇ ಇದೆ.

ಆದ್ದರಿಂದ ಸ್ಲೈಡರ್ ಕೊಳ್ಳಲು ಹೊರಟ ತರುಣ ಮಿತ್ರರಿಗೆ ನನ್ನ ಸಲಹೆ ಇಷ್ಟೆ. ಖಂಡಿತವಾಗಿ ಕೊಳ್ಳಿ. ಆದರೆ ಪಟ್ಟಿಯನ್ನು ತಲೆಯಿಂದ ಆರಂಭಿಸಿ: ಐ.ಎಸ್.ಐ. ಗುರುತಿನ ಹೆಲ್ಮೆಟ್ಟು, ಕೈಗವಸು, ಪಾದ ಮುಚ್ಚುವ ಬೂಟು. ಆಮೇಲೆ ಹಿಂದೆ ಕೂರುವವರ ಹೆಲ್ಮೆಟ್ಟು. ಬಿಚ್ಚಿಟ್ಟ ಸೀರೆ ಗಾರ್ಡು ಅಟ್ಟದ ಮೇಲಿದ್ದರೆ ತೆಗೆದು ಹಾಕಿಸಿ. ಬ್ರೇಕು, ಟೈರುಗಳನ್ನು ನೋಡಿ. ಬೀಳದ ಹಾಗೆ ಮಾಡುವುದು ಬಿದ್ದ ಮೇಲೆ ಉಳಿಸುವುದಕ್ಕಿಂತ ಅಗ್ಗ. ಕೈಯಲ್ಲಿ ಇನ್ನೂ ದುಡ್ಡಿದ್ದರೆ, ನಿಮ್ಮ ಗಾಡಿಗೆಂದೇ ಮಾಡಿದ, ಬೋಲ್ಟಿನ ತಲೆ ಆಳದಲ್ಲಿರುವ, ತೀರ ಚಾಚಿಕೊಳ್ಳದ ಒಂದು ಜೊತೆ ಸ್ಲೈಡರನ್ನು ತನ್ನಿ. ಎಂದಾದರೂ ಅದಕ್ಕೆ ಕೆಲಸ ಬಿದ್ದು ಒಂದು ಮಗ್ಗುಲು ಸವೆದುಹೋದರೆ, ಅದನ್ನು ವೀರಗಲ್ಲಿನ ಹಾಗೆ ಗಾಡಿಯ ಮೇಲೆಯೇ ಮೆರೆಯಲು ಬಿಡಬೇಡಿ. ಬೋಲ್ಟು ಬಾಗಿದೆಯೋ, ಚೌಕಟ್ಟಿಗೆ ಬಿರುಕು ಬಂದಿದೆಯೋ ಎಂದು ಮೆಕ್ಯಾನಿಕ್ಕಿಗೆ ತೋರಿಸಿ, ಹೊಸದನ್ನು ಹಾಕಿಸಿ. ಸವೆದ ಗೂಟದ ಋಣ ಅಲ್ಲಿಗೆ ತೀರಿತು.